‘ಬಸ್ ಇದ್ರ ಪಿಯುಸಿ’: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ,

ಸಾದರ ನಮಸ್ಕಾರಗಳು.

ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಕಲಿಸಿ ಈಚೆಗೆ ನಿವೃತ್ತನಾದ ಸಹಶಿಕ್ಷಕ ನಾನು. ಕೆಲಸಕ್ಕೆ ಸೇರಿದಾಗ ಈ ಪ್ರದೇಶ ಇನ್ನೂ ಕಲಬುರಗಿ ಜಿಲ್ಲೆಯೊಳಗೇ ಇತ್ತು. ಸೇವೆಯಲ್ಲಿದ್ದಷ್ಟು ದಿನ ನಡತೆ ನಿಯಮಗಳ ನೆಪ ಹೇಳಿಕೊಂಡು ಸುಮ್ಮನಿದ್ದೆ. ನಿಯಮಗಳು ಇಲ್ಲದಿದ್ದರೂ ಬರೆಯುವ ಧೈರ್ಯ ಆಗ ಬರುತ್ತಿತ್ತೇ ಎಂಬ ಅನುಮಾನ ನನಗೇ ಇರುವುದರಿಂದ ಅದನ್ನು ನೆಪವೆಂದೇ ಕರೆಯುತ್ತಿದ್ದೇನೆ. ಈಗ ಹೇಳಬೇಕಾದದ್ದನ್ನು ತಮಗೂ, ತಮ್ಮ ಮೂಲಕ ಈ ರಾಜ್ಯದ ಶಿಕ್ಷಣದ ಹೊಣೆ ಹೊತ್ತ ಎಲ್ಲರಿಗೂ ಬಹಿರಂಗವಾಗಿಯೇ ಹೇಳುತ್ತಿದ್ದೇನೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುವಾರ ನಮ್ಮ ಭಾಗದಲ್ಲಿ ಪ್ರಗತಿ ಪರಿಶೀಲನಾ ಸಭೆಗಳು ನಡೆಯುತ್ತವೆ. ಅಂಥ ಹತ್ತಿಪ್ಪತ್ತು ಸಭೆಗಳಲ್ಲಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ನಾನು ಒಂದೇ ಮಾತನ್ನು ಕೇಳಿದ್ದೇನೆ: ‘ಈ ಕಡೆಯ ಮಕ್ಕಳಿಗೆ ಗುರಿಯೇ ಇಲ್ಲ, ಪಾಲಕರಿಗೆ ಆಸಕ್ತಿಯೇ ಇಲ್ಲ.’ ಹೇಳುವ ಅಧಿಕಾರಿ ಬದಲಾಗುತ್ತಿದ್ದರು, ಮಾತು ಬದಲಾಗುತ್ತಿರಲಿಲ್ಲ. ಈ ಮಾತು ಸುಳ್ಳು ಎಂದು ತಮ್ಮ ಗಮನಕ್ಕೆ ತರುವುದು, ಸುಳ್ಳಾದ ಮೇಲೂ ಅದು ಹೇಗೆ ಮೆಲ್ಲಗೆ ನಿಜವಾಗುತ್ತಾ ಹೋಗುತ್ತದೆ ಎಂದು ವಿವರಿಸುವುದು ಈ ಪತ್ರದ ಉದ್ದೇಶ.

ಹತ್ತನೆಯ ತರಗತಿಯವರಿಗೆ ಡಿಸೆಂಬರ್ ಸುಮಾರಿಗೆ ವೃತ್ತಿ ಮಾರ್ಗದರ್ಶನದ ಹೆಸರಿನಲ್ಲಿ ಒಂದು ಅವಧಿ ತೆಗೆದುಕೊಳ್ಳುವ ಪದ್ಧತಿ ನಮ್ಮ ಶಾಲೆಯಲ್ಲಿತ್ತು. ಹಳೆಯ ನೋಟ್‌ಬುಕ್ಕಿನ ಹಾಳೆ ನಾಲ್ಕು ತುಂಡು ಮಾಡಿ ಹಂಚಿ, ‘ಮುಂದ ಏನಾಗಬೇಕಂತ ಅದ, ಬರೀರಿ’ ಎನ್ನುತ್ತಿದ್ದೆ. ಡಾಕ್ಟರ್, ಪೊಲೀಸ್, ಟೀಚರ್, ಮಿಲಿಟರಿ, ನರ್ಸ್, ಕಲೆಕ್ಟರ್ ಎಂದೆಲ್ಲ ಬರೆದ ಚೀಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಪಾಟಿನಲ್ಲಿಟ್ಟು, ಮಾರ್ಗದರ್ಶನ ಮುಗಿಯಿತು ಎಂದು ವರದಿ ಕಳಿಸುತ್ತಿದ್ದೆವು. ನಿವೃತ್ತಿಗೆ ಕೆಲವು ವರ್ಷ ಇರುವಾಗ ಒಮ್ಮೆ ಚೀಟಿಯ ಹಿಂಬದಿಗೆ ಎರಡನೆಯ ಪ್ರಶ್ನೆಯನ್ನೂ ಸೇರಿಸಿದೆ: ‘ಖರೇನ ಏನಾಗ್ತೀನಿ ಅಂತ ಅನಸ್ತದ?’

ತರಗತಿ ಗಪ್ಪಾಯಿತು. ಮೂರನೆಯ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ನಿಂತು, ‘ಸರ್, ಎರಡಕ್ಕೂ ಒಂದೇ ಉತ್ತರ ಬರೀಬೇಕೇನ್ರಿ?’ ಎಂದು ಕೇಳಿದಳು. ನಿನಗೆ ಅನಿಸಿದ್ದು ಬರೆ ಎಂದೆ. ಮುಂಬದಿಗೆ ಡಾಕ್ಟರ್ ಎಂದು ದುಂಡಗೆ ಬರೆದಿದ್ದವಳು ಹಿಂಬದಿಗೆ ಬರೆದದ್ದು ಮೂರೇ ಪದ: ‘ಬಸ್ ಇದ್ರ ಪಿಯುಸಿ.’ ಉಳಿದವರ ಹಿಂಬದಿಗಳಲ್ಲಿ ‘ಹೊಲ’, ‘ಬೆಂಗಳೂರಾಗ ಗೌಂಡಿ ಕೆಲಸ’, ‘ಮದುವಿ’, ‘ಅಪ್ಪನ್ನ ಕೇಳಬೇಕು’ ಎಂದಿತ್ತು. ಗುರಿಯಿಲ್ಲದ ಮಕ್ಕಳು ಬರೆಯುವ ಉತ್ತರಗಳೇ ಇವು? ಮುಂಬದಿ ನೋಡಿದರೆ ಮಂಗಳೂರಿನ ಮಗುವಿಗೂ ನಮ್ಮ ಮಗುವಿಗೂ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸವೆಲ್ಲ ಇರುವುದು ಚೀಟಿಯ ಹಿಂಬದಿಯಲ್ಲಿ.

ಸಮಾಜಶಾಸ್ತ್ರದವರು ಈ ಎರಡು ಬದಿಗಳಿಗೆ ಬೇರೆ ಬೇರೆ ಹೆಸರಿಟ್ಟಿದ್ದಾರೆ. ಒಂದು ಆಕಾಂಕ್ಷೆ, ಇನ್ನೊಂದು ನಿರೀಕ್ಷೆ. ನನ್ನ ವಿದ್ಯಾರ್ಥಿಗಳ ಭಾಷೆಯಲ್ಲಿ ಹೇಳುವುದಾದರೆ ಒಂದು ‘ಆಗಬೇಕು’, ಇನ್ನೊಂದು ‘ಆಗ್ತೀನಿ’. ಮಗು ಎಷ್ಟು ಹೊತ್ತು ಪುಸ್ತಕ ಹಿಡಿಯುತ್ತದೆ, ಶಾಲೆ ತಪ್ಪಿಸುತ್ತದೋ ಇಲ್ಲವೋ ಎಂಬುದನ್ನು ದಿನನಿತ್ಯ ನಿರ್ಧರಿಸುವುದು ಎರಡನೆಯದು ಎಂದು ನನ್ನ ಅನುಭವ ಹೇಳುತ್ತದೆ. ಆಸೆಪಡುವುದು ಕೂಡ ಒಂದು ಸಾಮರ್ಥ್ಯ, ಅನುಕೂಲಸ್ಥರಲ್ಲಿ ಅದು ಬಳಸಿ ಬಳಸಿ ಬಲಿತಿರುತ್ತದೆ, ಬಡವರಿಗೆ ಅದನ್ನು ಬಳಸಿ ನೋಡುವ ಸಂದರ್ಭಗಳೇ ಕಡಿಮೆ ಎಂದು ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ 2004ರಲ್ಲಿ ಬರೆದರು. ವೈದ್ಯರ ಮಗಳಿಗೆ ಡಾಕ್ಟರಾಗುವುದೆಂದರೆ ಯಾವ ಕಾಲೇಜು, ಯಾವ ಪರೀಕ್ಷೆ, ಯಾವ ತಿಂಗಳಲ್ಲಿ ಅರ್ಜಿ ಎಂಬ ದಾರಿ ಮನೆಯಲ್ಲೇ ಗೊತ್ತಿರುತ್ತದೆ. ನನ್ನ ವಿದ್ಯಾರ್ಥಿನಿಗೆ ಡಾಕ್ಟರೆಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಂಡ ಒಂದು ಬಿಳಿ ಕೋಟು. ಊರಿನಿಂದ ಆ ಕೋಟಿನವರೆಗೆ ಹೋಗುವ ದಾರಿಯಲ್ಲಿ ಅವಳಿಗೆ ಸ್ಪಷ್ಟವಾಗಿ ಕಂಡದ್ದು ಒಂದೇ ನಿಲ್ದಾಣ, ಅದು ಬಸ್ ನಿಲ್ದಾಣ.

ಆ ಬಸ್ಸಿನ ವಿಷಯವನ್ನೇ ಮೊದಲು ಹೇಳುತ್ತೇನೆ. ನಮ್ಮ ಊರಿಗೆ ಹತ್ತಿರದ ಹೋಬಳಿಯ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಕಲಾ ವಿಭಾಗ ಮಾತ್ರ ಇದೆ. ವಿಜ್ಞಾನ ಬೇಕೆಂದರೆ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕು. ಪ್ರಾಯೋಗಿಕ ತರಗತಿ ಮುಗಿಯುವುದು ಸಂಜೆ ನಾಲ್ಕೂವರೆಗೆ, ನಮ್ಮ ಕಡೆಯ ಕೊನೆಯ ಬಸ್ಸು ಹೊರಡುವುದು ನಾಲ್ಕಕ್ಕೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತವಾಯಿತು, ಅದಕ್ಕೆ ಸರ್ಕಾರಕ್ಕೆ ಮನಃಪೂರ್ವಕ ಕೃತಜ್ಞತೆ. ಆದರೆ ಬಾರದ ಬಸ್ಸಿನಲ್ಲಿ ಉಚಿತ ಟಿಕೆಟ್ ಏನು ಮಾಡೀತು? ಊರಿನ ಹಿರಿಯರು, ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ), ನಾನು ಎಲ್ಲ ಸೇರಿ ಒಂದು ಬೇಸಿಗೆಯಲ್ಲಿ ಮನವಿ ಕೊಟ್ಟೆವು. ಐದೂವರೆಗೆ ಒಂದು ಬಸ್ಸು ಬಿಡುವುದಾಗಿ ಭರವಸೆ ಸಿಕ್ಕಿತು; ಬಿಟ್ಟರು ಕೂಡ. ಆ ವರ್ಷ ನಮ್ಮೂರಿನ ಆರು ಹುಡುಗಿಯರು ವಿಜ್ಞಾನಕ್ಕೆ ಸೇರಿದರು. ಹಿಂದಿನ ಹತ್ತು ವರ್ಷಗಳಲ್ಲಿ ಒಟ್ಟು ಎಷ್ಟು ಹುಡುಗಿಯರು ಸೇರಿದ್ದರೆಂದು ಒಂದೇ ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಆ ಆರು ಮಂದಿಗೆ ಯಾರೂ ಪ್ರೇರಣಾ ಭಾಷಣ ಮಾಡಿರಲಿಲ್ಲ ಎಂಬುದನ್ನು ತಾವು ಗಮನಿಸಬೇಕು. ದೀಪಾವಳಿ ಕಳೆದ ಮೇಲೆ ಬಸ್ಸು ನಿಂತಿತು. ಕೇಳಿದರೆ, ಚಾಲಕರಿಲ್ಲ ಎಂಬ ಉತ್ತರ ಬಂತು. ಇಬ್ಬರು ಟಿ.ಸಿ. ತೆಗೆಸಿಕೊಂಡು ಬಂದರು. ಅಷ್ಟು ಹೊತ್ತಿಗೆ ಕಲಾ ವಿಭಾಗದ ದಾಖಲಾತಿಯೂ ಮುಗಿದಿತ್ತು. ಅವರಿಗಿಂತಲೂ ನನ್ನನ್ನು ಕಾಡಿದ್ದು ಮರುವರ್ಷದ ಹತ್ತನೆಯ ತರಗತಿ. ಆ ಮಕ್ಕಳು ಇದನ್ನೆಲ್ಲ ಕಣ್ಣಾರೆ ಕಂಡಿದ್ದರು. ಅವರ ಚೀಟಿಯ ಹಿಂಬದಿಯಲ್ಲಿ ‘ಬಸ್ ಇದ್ರ’ ಎಂಬ ಷರತ್ತು ಕೂಡ ಉಳಿದಿರಲಿಲ್ಲ.

ಇದರಲ್ಲಿ ಹೊಸದೇನೂ ಇಲ್ಲ. 2006ರಲ್ಲಿ ಬಿಹಾರ ಸರ್ಕಾರ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಕೊಟ್ಟ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಅಧ್ಯಯನ ಮಾಡಿ, ಪ್ರೌಢಶಾಲೆಗೆ ಹುಡುಗಿಯರ ದಾಖಲಾತಿ ಶೇ. 32ರಷ್ಟು ಏರಿತೆಂದೂ, ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಹೆಚ್ಚು ಪರಿಣಾಮ ಕಂಡಿತೆಂದೂ ತೋರಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 2006-07ರಲ್ಲಿ, ನಮ್ಮ ರಾಜ್ಯದಲ್ಲೂ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ ಶುರುವಾಗಿತ್ತು. ಕೋವಿಡ್ ಬಂದಾಗ ನಿಂತದ್ದು ಮತ್ತೆ ಮೊದಲಿನಂತೆ ನಡೆದುದನ್ನು ನಾನು ಕಾಣಲಿಲ್ಲ. ಸೈಕಲ್ ಗುಣಮಟ್ಟದ ಬಗ್ಗೆ ನಾವು ಶಿಕ್ಷಕರೇ ಸಾಕಷ್ಟು ನಕ್ಕಿದ್ದೇವೆ. ಬ್ರೇಕು ಸರಿಯಿರದಿದ್ದರೂ ಅದು ಮಗುವನ್ನು ಪಕ್ಕದ ಊರಿಗೆ ಒಯ್ಯುತ್ತಿತ್ತು ಎಂಬುದು ನಿಂತ ಮೇಲೆ ತಿಳಿಯಿತು.

ಕಲ್ಯಾಣ ಕರ್ನಾಟಕಕ್ಕೆ ಏನೂ ಕೊಟ್ಟಿಲ್ಲ ಎಂದು ನಾನು ದೂರುತ್ತಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ, ಅದರಲ್ಲೂ 39 ಅತ್ಯಂತ ಹಿಂದುಳಿದಿವೆ ಎಂದು ಲೆಕ್ಕ ಒಪ್ಪಿಸಿತು. ಬಳಿಕ ಸಂವಿಧಾನಕ್ಕೆ 371-ಜೆ ವಿಧಿ ಸೇರಿತು. ಈ ಭಾಗದ ವಿದ್ಯಾಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟು ಮೀಸಲಾದವು. ಅದಲ್ಲದೆ ವೃತ್ತಿಶಿಕ್ಷಣದ ಸೀಟು ಹಂಚಿಕೆಯಲ್ಲಿ ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಇದೆ. ಕಾಗದದ ಮೇಲೆ ನೋಡಿದರೆ ನನ್ನ ಮೂರನೆಯ ಸಾಲಿನ ಹುಡುಗಿಯಷ್ಟು ಅರ್ಹತೆಗಳನ್ನು ಒಟ್ಟಿಗೆ ಹೊತ್ತವರು ಇಡೀ ರಾಜ್ಯದಲ್ಲಿ ಕಡಿಮೆ. ಆದರೆ ಮಾನ್ಯರೇ, ವೈದ್ಯಕೀಯಕ್ಕಾಗಲಿ ಎಂಜಿನಿಯರಿಂಗ್‌ಗಾಗಲಿ ಈ ಎಲ್ಲ ಸೀಟುಗಳೂ ಪಿಯುಸಿ ವಿಜ್ಞಾನ ಎಂಬ ಹೊಸ್ತಿಲಿನ ಆಚೆಗಿವೆ. ಹೊಸ್ತಿಲು ದಾಟಿ ಬಂದವರಿಗೆ ಒಳಮನೆಯಲ್ಲಿ ಎಲೆ ಹಾಕಿ ಕಾಯುತ್ತಿದ್ದೇವೆ. ಹದಿನಾರರ ವಯಸ್ಸಿಗೆ ಅಂಗಳದಲ್ಲೇ ಉಳಿದವರು ಎಷ್ಟು ಎಂದು ಲೆಕ್ಕ ಇಟ್ಟವರಿಲ್ಲ. 2023ರ ‘ಅಸರ್’ ಎಂಬ ಶಿಕ್ಷಣ ಸಮೀಕ್ಷೆ 14ರಿಂದ 18 ವಯಸ್ಸಿನ ಗ್ರಾಮೀಣ ಮಕ್ಕಳನ್ನು ದೇಶದ 28 ಜಿಲ್ಲೆಗಳಲ್ಲಿ ಮಾತನಾಡಿಸಿದಾಗಲೂ, ಹನ್ನೊಂದು-ಹನ್ನೆರಡರಲ್ಲಿರುವವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಕಲಾ ವಿಭಾಗದಲ್ಲಿದ್ದರು. ವಿಜ್ಞಾನದಲ್ಲಿ ಹುಡುಗರಿಗಿಂತ ಹುಡುಗಿಯರು ಕಡಿಮೆಯಿದ್ದರು. ಇತಿಹಾಸ, ಅರ್ಥಶಾಸ್ತ್ರ ಓದುವುದು ಕೀಳು ಎಂದು ನಾನು ಹೇಳುತ್ತಿಲ್ಲ. ಇಷ್ಟಪಟ್ಟು ಆರಿಸಿಕೊಂಡರೆ ಅದು ಆಯ್ಕೆ. ಹತ್ತಿರದ ಕಾಲೇಜಿನಲ್ಲಿ ಬೇರೇನೂ ಇಲ್ಲವೆಂದು ಸೇರಿದರೆ ಅದನ್ನು ಆಯ್ಕೆ ಎನ್ನಲಾಗದು.

ಹೊಸ್ತಿಲು ದಾಟಿದವರ ಪಾಡೂ ಸುಲಭವಲ್ಲ. ಹತ್ತು ವರ್ಷ ‘ದ್ಯುತಿಸಂಶ್ಲೇಷಣೆ’, ‘ಸಮಾಂತರ ಶ್ರೇಢಿ’ ಎಂದು ಕಲಿತ ಮಗು ಜೂನ್ ತಿಂಗಳ ಒಂದು ಬೆಳಿಗ್ಗೆ ಅದೇ ಸಂಗತಿಗಳನ್ನು ಅಪರಿಚಿತ ಇಂಗ್ಲಿಷ್ ಹೆಸರುಗಳಲ್ಲಿ ಎದುರಿಸುತ್ತದೆ. ನನ್ನ ವಿಷಯದಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಪಡೆದಿದ್ದ ಹುಡುಗನೊಬ್ಬ ಆಗಸ್ಟ್‌ನಲ್ಲಿ ಮನೆಗೆ ಬಂದು, ‘ಸರ್, ಲೆಕ್ಕ ಗೊತ್ತಾಗ್ತದ್ರಿ, ಲೆಕ್ಕದಾಗ ಏನ್ ಕೇಳ್ಯಾರ ಅಂತ ಗೊತ್ತಾಗಂಗಿಲ್ಲ’ ಎಂದ. ನಾನು ಅವನ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಕನ್ನಡ ಪದ ಬರೆದು ಕೊಡುತ್ತಾ ಎರಡು ತಿಂಗಳು ಸಂಜೆ ಕೂತೆ. ಬೇಕಾಗಿದ್ದದ್ದು ಅಷ್ಟೇ. ಪರೀಕ್ಷೆ ಮುಗಿದು ಕಾಲೇಜು ಶುರುವಾಗುವ ಮೊದಲಿನ ಬೇಸಿಗೆಯಲ್ಲಿ ಈ ಕೆಲಸವನ್ನು ಸರ್ಕಾರವೇ ಮಾಡಿಸಬಹುದಲ್ಲವೇ?

ಇನ್ನು ಮಕ್ಕಳು ಸುತ್ತಮುತ್ತ ನೋಡಿ ಕಲಿಯುವುದರ ಬಗ್ಗೆ. ನವೆಂಬರ್‌ನಿಂದ ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು, ತೊಗರಿ ರಾಶಿ ಒಂದರ ಹಿಂದೊಂದು ಬರುತ್ತವೆ, ಹಿಂದಿನ ಬೆಂಚುಗಳು ಖಾಲಿಯಾಗುತ್ತವೆ. ಸುಗ್ಗಿ ಮುಗಿದ ಮೇಲೆ ಅರ್ಧ ಊರು ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗುತ್ತದೆ. ಪಾಲಕರಿಗೆ ಆಸಕ್ತಿಯಿಲ್ಲ ಎಂದು ಸಭೆಯಲ್ಲಿ ಹೇಳುವವರು ಆ ಪಾಲಕರನ್ನು ಮಾತನಾಡಿಸಿದ್ದನ್ನು ನಾನು ಕಂಡಿಲ್ಲ. ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದ ಒಬ್ಬ ತಂದೆ ಪ್ರತಿ ಭಾನುವಾರ ರಾತ್ರಿ ನನಗೆ ಫೋನ್ ಮಾಡಿ, ‘ನಮ್ ಹುಡುಗ ಸಾಲಿಗಿ ಬರ್ಲಿಕತ್ತಾನೇನ್ರಿ ಗುರುಗಳ?’ ಎಂದು ಕೇಳುತ್ತಿದ್ದರು. ಅವರಿಗೆ ಆಸಕ್ತಿ ಇಲ್ಲವೇ? ಅದೇ ತಂದೆ ಒಮ್ಮೆ ಕೇಳಿದ ಪ್ರಶ್ನೆಗೆ ನಾನು ಉತ್ತರಿಸಲಾಗಲಿಲ್ಲ. ನಮ್ಮೂರಿನಲ್ಲಿ ಬಿ.ಎ., ಬಿ.ಇಡಿ. ಮುಗಿಸಿದ ಯುವಕನೊಬ್ಬ ನಮ್ಮ ಶಾಲೆಯಲ್ಲೇ ಅತಿಥಿ ಶಿಕ್ಷಕನಾಗಿದ್ದ. ಗೌರವಧನ ತಿಂಗಳುಗಟ್ಟಲೆ ತಡವಾದ ವರ್ಷ ರಜೆಯಲ್ಲಿ ಅವನು ತನ್ನ ವಿದ್ಯಾರ್ಥಿಗಳ ಜೊತೆಯಲ್ಲೇ ಹತ್ತಿ ಬಿಡಿಸಲು ಹೋದ. ‘ಅಷ್ಟು ಓದಿದವ್ರೂ ಇಲ್ಲೇ ಸಾಲು ಹಿಡದಾರಲ್ರಿ, ನಮ್ ಹುಡುಗಗ ಏನ್ ಹೇಳ್ಲಿ?’ ಎಂಬುದು ಆ ತಂದೆಯ ಪ್ರಶ್ನೆ. ಓದಿನಿಂದ ಏನು ಸಿಗುತ್ತದೆ ಎಂಬ ಪಾಠವನ್ನು ಮಕ್ಕಳು ಪಠ್ಯಪುಸ್ತಕದಿಂದ ಕಲಿಯುವುದಿಲ್ಲ. ಕರಿಹಲಗೆಯ ಮುಂದೆ ನಿಂತಿರುವ ಅತಿಥಿ ಶಿಕ್ಷಕನ ಚಪ್ಪಲಿಯನ್ನು ನೋಡಿ ಕಲಿಯುತ್ತಾರೆ.

ಇಲ್ಲಿಯವರೆಗೆ ಊರು, ದಾರಿ, ಬಡತನದ ಮಾತಾಯಿತು. ಈಗ ಶಾಲೆಯ ಒಳಗೆ ನಾವೇ ಮಾಡುತ್ತಿರುವ ಕೆಲಸಕ್ಕೆ ಬರುತ್ತೇನೆ. ಈ ಭಾಗವನ್ನು ಬರೆಯುವುದು ನನಗೆ ಕಷ್ಟ.

ಫಲಿತಾಂಶ ಸುಧಾರಣೆಯ ಹೆಸರಿನಲ್ಲಿ ‘ಪಾಸಿಂಗ್ ಪ್ಯಾಕೇಜ್’ ಎಂಬುದೊಂದು ನಮ್ಮ ಶಾಲೆಗಳಲ್ಲಿ ರೂಢಿಯಾಗಿದೆ. ಅರ್ಧವಾರ್ಷಿಕ ಪರೀಕ್ಷೆಯ ಅಂಕ ನೋಡಿ ಮಕ್ಕಳನ್ನು ಎ, ಬಿ, ಸಿ ಗುಂಪು ಮಾಡುತ್ತೇವೆ. ‘ಸಿ’ಯವರಿಗೆ ಇಡೀ ಪಠ್ಯ ಬೇಡ. ಕನ್ನಡದಲ್ಲಿ ಕಂಠಪಾಠದ ಪದ್ಯ, ಗಾದೆ ವಿಸ್ತರಣೆ, ಪತ್ರ. ಸಮಾಜದಲ್ಲಿ ಭಾರತದ ನಕ್ಷೆ. ವಿಜ್ಞಾನದಲ್ಲಿ ನಾಲ್ಕು ಚಿತ್ರ. ನನ್ನ ಗಣಿತದಲ್ಲಿ ಒಂದು ನಕ್ಷಾ ವಿಧಾನದ ಲೆಕ್ಕ, ಥೇಲ್ಸನ ಪ್ರಮೇಯ, ಒಂದೆರಡು ರಚನೆ. ನನ್ನ ಕಾಲದಲ್ಲಿ ಪಾಸಿಗೆ ಬೇಕಿದ್ದ ಮೂವತ್ತೈದು ದಾಟಿದರೆ ಸಾಕಿತ್ತು. ನಾನೂ ಇದನ್ನು ವರ್ಷಗಟ್ಟಲೆ ಮಾಡಿದ್ದೇನೆ, ಫಲಿತಾಂಶ ಏರಿದಾಗ ಶಾಲು ಹೊದಿಸಿಕೊಂಡಿದ್ದೇನೆ. ಪ್ರಮೇಯವನ್ನು ಅರ್ಥಮಾಡಿಕೊಳ್ಳದೆ ಹಾಡಿನಂತೆ ಒಪ್ಪಿಸುವ ಮಗು ಪಾಸಾಗುತ್ತದೆ, ನಿಜ. ಆದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ದಿನಾ ಬೇರೆ ಕೋಣೆಯಲ್ಲಿ ಕುಳಿತು ಆ ಮಗು ಇನ್ನೊಂದು ಪಾಠವನ್ನೂ ಕಲಿಯುತ್ತದೆ: ನನ್ನಿಂದ ಇವರು ಬಯಸುವುದು ಪಾಸಿನ ಅಂಕ ಮಾತ್ರ. ಆ ಪಾಠಕ್ಕೆ ಮರುಪರೀಕ್ಷೆ ಇಲ್ಲ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಬರೆಯುವ ಅವಕಾಶ ಬಂತು. ಒಂದು ದಿನದ ಜ್ವರಕ್ಕೆ ಒಂದು ವರ್ಷ ಹಾಳಾಗುವುದು ತಪ್ಪಿತೆಂದು ನಾನು ಅದನ್ನು ಸ್ವಾಗತಿಸುತ್ತೇನೆ. ಪ್ರತಿ ಸಲವೂ ಅದೇ ಪೊಟ್ಟಣವನ್ನೇ ಕೈಗಿಟ್ಟರೆ ಅದರಿಂದ ಏನು ಸಿಕ್ಕಂತಾಯಿತು?

ಒಬ್ಬ ಹುಡುಗನ ವಿಷಯ ಹೇಳಿಬಿಡುತ್ತೇನೆ. ಪಾಸಾದ ಮೇಲೆ ಅಂಕಪಟ್ಟಿ ಹಿಡಿದು ಬಂದು ಐ.ಟಿ.ಐ. ಸೇರಲೋ, ಸೈನ್ಸ್ ತೆಗೆದುಕೊಳ್ಳಲೋ ಎಂದು ಕೇಳಿದ. ಅವನು ನನ್ನ ‘ಸಿ’ ಗುಂಪಿನವನು. ಅಂಕಪಟ್ಟಿಯನ್ನು ಸರಿಯಾಗಿ ನೋಡದೆಯೇ, ‘ನಿನಗ್ಯಾಕೋ ಅವೆಲ್ಲ, ಆರ್ಟ್ಸ್ ತಗೊಂಡು ಪಾಸಾಗು ಹೋಗು’ ಎಂದೆ. ಗಣಿತದಲ್ಲಿ ಅವನಿಗೆ ಐವತ್ತರ ಮೇಲೆ ಬಂದಿತ್ತೆಂದು ಆಮೇಲೆ ರಿಜಿಸ್ಟರ್ ತಿರುವಿದಾಗ ಗೊತ್ತಾಯಿತು. ಆರೇಳು ವರ್ಷದ ನಂತರ ಯುಗಾದಿಗೆ ಬೆಂಗಳೂರಿನಿಂದ ಬಂದಿದ್ದವನು ಬಸ್ ನಿಲ್ದಾಣದಲ್ಲಿ ಸಿಕ್ಕ. ಗೌಂಡಿಯಾಗಿದ್ದ, ಕೈ ಒರಟಾಗಿತ್ತು, ನನಗೆ ಚಹಾ ಕುಡಿಸಿದ. ಓದು ಯಾಕೆ ಬಿಟ್ಟೆಯೋ ಎಂದು ನಾನು ಕೇಳಬಾರದಿತ್ತು. ‘ನೀವೇ ಅಂದಿದ್ರಲ್ರಿ ಸರ್’ ಎಂದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ. ಮೇಷ್ಟ್ರ ಮಾತು ಸರಿಯಾಗಿಯೇ ಇದ್ದೀತು ಎಂಬ ನಂಬಿಕೆ ಇತ್ತು.

ಜಾತಿಯ ವಿಷಯದಲ್ಲೂ ನಮ್ಮ ಕೈ ಶುದ್ಧವಿಲ್ಲ. ವಿದ್ಯಾರ್ಥಿವೇತನದ ಅರ್ಜಿ ಬಂದಾಗಲೆಲ್ಲ ತುಂಬಿದ ತರಗತಿಯಲ್ಲಿ ‘ಎಸ್ಸಿ ಮಕ್ಕಳು ಎದ್ದು ನಿಲ್ರಿ, ಎಸ್ಟಿಯವರು ಈ ಕಡೆ ಬರ್ರಿ’ ಎಂದು ಕೂಗುವುದನ್ನು ನಾನು ಕಂಡಿದ್ದೇನೆ, ಮೊದಲ ವರ್ಷಗಳಲ್ಲಿ ನಾನೇ ಕೂಗಿದ್ದೇನೆ. ಕೆಟ್ಟ ಉದ್ದೇಶದಿಂದಲ್ಲ, ಕೆಲಸ ಬೇಗ ಮುಗಿಯಲೆಂದು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿಯಲ್ಲಿ ಆರು-ಏಳನೆಯ ತರಗತಿಯ ಹುಡುಗರಿಗೆ ಚಕ್ರವ್ಯೂಹದಂಥ ಒಗಟುಗಳನ್ನು ಬಿಡಿಸಲು ಕೊಟ್ಟು ನೋಡಿದ್ದರು. ಜಾತಿಯನ್ನು ಹೇಳದೆ ಕೂರಿಸಿದಾಗ ಮೇಲ್ಜಾತಿ, ಕೆಳಜಾತಿ ಹುಡುಗರ ನಡುವೆ ಹೇಳಿಕೊಳ್ಳುವ ಅಂತರ ಇರಲಿಲ್ಲ. ಎಲ್ಲರೆದುರು ಹೆಸರಿನ ಜೊತೆ ಜಾತಿಯನ್ನೂ ಓದಿ ಹೇಳಿದ ಮೇಲೆ ಕೆಳಜಾತಿಯ ಹುಡುಗರ ಸಾಧನೆ ಕುಸಿಯಿತು. ಮಕ್ಕಳು ಅಂಥವರೇ, ಒಗಟುಗಳೂ ಅಂಥವೇ, ನಡುವೆ ಸೇರಿದ್ದು ಒಂದು ಕೂಗು. 2004ರಲ್ಲಿ ಪ್ರಕಟವಾದ ಆ ಅಧ್ಯಯನವನ್ನು ನಾನು ಓದಿದ್ದು ನಿವೃತ್ತಿಯ ಅಂಚಿನಲ್ಲಿ. ಓದಿದ ರಾತ್ರಿ ಎಷ್ಟು ತರಗತಿಗಳಲ್ಲಿ ಕೂಗಿದ್ದೆ ಎಂದು ಲೆಕ್ಕ ಹಾಕುತ್ತ ಮಲಗಿದ್ದೆ.

ಹೆಣ್ಣುಮಕ್ಕಳ ನಿರೀಕ್ಷೆ ಬದಲಾಗುವುದೇ ಇಲ್ಲ, ಅದು ಸಂಪ್ರದಾಯ ಎಂದು ಕೈಚೆಲ್ಲುವವರಿಗೆ ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಉದಾಹರಣೆ ಇದೆ. ಅಲ್ಲಿನ 495 ಹಳ್ಳಿಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ, ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಅವರೂ ಭಾಗಿಯಾಗಿದ್ದ ಅಧ್ಯಯನದ ಪ್ರಕಾರ, ಎರಡು ಅವಧಿಗೆ ಪಂಚಾಯಿತಿ ಮುಖ್ಯಸ್ಥೆಯಾಗಿ ಮಹಿಳೆಯನ್ನು ಕಂಡ ಹಳ್ಳಿಗಳಲ್ಲಿ ಮಗ-ಮಗಳ ಬಗ್ಗೆ ತಂದೆತಾಯಿಗಳು ಇಟ್ಟುಕೊಂಡ ಆಕಾಂಕ್ಷೆಗಳ ಅಂತರ ಶೇ. 25ರಷ್ಟು, ಹದಿಹರೆಯದವರು ತಮ್ಮ ಬಗ್ಗೆ ಇಟ್ಟುಕೊಂಡ ಆಕಾಂಕ್ಷೆಗಳ ಅಂತರ ಶೇ. 32ರಷ್ಟು ಕಡಿಮೆಯಾಗಿತ್ತು. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗಿದೆ. ಆದರೆ ಶಾಲೆಯ ಸ್ವಾತಂತ್ರ್ಯ ದಿನಾಚರಣೆಗೆ ಅಧ್ಯಕ್ಷೆಯನ್ನು ಕರೆದರೆ ಅವರ ಯಜಮಾನರು ಬಂದು ಹಾರ ಹಾಕಿಸಿಕೊಳ್ಳುತ್ತಾರೆ, ನಾವೂ ಹಾಕುತ್ತೇವೆ. ಮುಂದಿನ ಸಾಲಿನಲ್ಲಿ ಕುಳಿತ ಹುಡುಗಿಯರು ಅದನ್ನು ನೋಡುತ್ತಾರೆ. ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಕಾನೂನಿನ ಕಣ್ಣಿನಲ್ಲಿ ವಿವಾಹವೇ ಅಲ್ಲ, ಮೊದಲಿನಿಂದಲೇ ಅಸಿಂಧು. ಆದರೂ ಎಲ್ಲ ಮರೆಯಲ್ಲಿ ನಡೆದುಹೋಗುತ್ತದೆ. ಹಾಜರಿ ಪುಸ್ತಕದಲ್ಲಿ ‘ದೀರ್ಘ ಗೈರು’ ಎಂದು ನಮೂದಾಗುತ್ತದೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇ. 52ನ್ನೂ ಮುಟ್ಟಿರಲಿಲ್ಲ, ಅಂದರೆ ಇಂದಿನ ಹತ್ತನೆಯ ತರಗತಿಯ ಬಹಳಷ್ಟು ಹುಡುಗಿಯರ ತಾಯಂದಿರಿಗೆ ಅಕ್ಷರ ಬಾರದು. ಆ ತಾಯಂದಿರು ಮಗಳನ್ನು ಪಿಯುಸಿಗೆ ಕಳಿಸುವುದೆಂದರೆ ತಾವು ಕಾಣದ ಊರಿಗೆ ಕಳಿಸಿದಂತೆ.

2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ. 94 ಪಡೆದು ಮೊದಲು ಬಂತು, ಯಾದಗಿರಿ ಶೇ. 50ರ ಆಸುಪಾಸಿನಲ್ಲಿ ಕೊನೆಗೆ ನಿಂತಿತು. 2025ರಲ್ಲಿ ಕೊನೆಯ ಸ್ಥಾನ ಕಲಬುರಗಿಗೆ ಹೋಯಿತು. ಈ ಪಟ್ಟಿ ಬಂದ ಮೇಲೆ ಕರಾವಳಿಯ ಮಾದರಿ ನೋಡಿ ಬರಲು ನಮ್ಮವರನ್ನು ಕಳಿಸುವ, ಪ್ರೇರಣಾ ಭಾಷಣಕಾರರನ್ನು ಕರೆಸುವ ಉತ್ಸಾಹ ಏಳುತ್ತದೆ. ಹಾಗೆ ಬಂದ ಒಬ್ಬರು ನಮ್ಮ ಮಕ್ಕಳಿಂದ ‘ನಾನು ಗೆಲ್ಲುತ್ತೇನೆ’ ಎಂದು ಹತ್ತು ಸಲ ಕೂಗಿಸಿ ಮಧ್ಯಾಹ್ನದ ಬಿಸಿಯೂಟಕ್ಕೆ ಮುಂಚೆ ಹೊರಟುಹೋದರು. ಉಡುಪಿಯ ಮಗು ನಮ್ಮ ಮಗುವಿಗಿಂತ ಜೋರಾಗಿ ಕೂಗುವುದಿಲ್ಲ. ಅದರ ಮನೆಮುಂದೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಬಸ್ಸು ಓಡಾಡುತ್ತದೆ, ಪಕ್ಕದ ಮನೆಯ ಅಕ್ಕ ಪದವಿ ಮುಗಿಸಿ ಕೆಲಸಕ್ಕೆ ಹೋಗುತ್ತಿರುತ್ತಾಳೆ. ಚೀಟಿಯ ಹಿಂಬದಿಯನ್ನು ಆ ಅಕ್ಕನೇ ತುಂಬಿಸಿಬಿಡುತ್ತಾಳೆ.

ಆದ್ದರಿಂದ ತಮ್ಮಲ್ಲಿ ನನ್ನ ಮೊದಲ ವಿನಂತಿ ಲೆಕ್ಕದ ಕುರಿತದ್ದು. ಶಾಲೆಯನ್ನೂ ಜಿಲ್ಲೆಯನ್ನೂ ಪಾಸಾದವರ ಶೇಕಡಾವಾರಿನಿಂದ ಮಾತ್ರ ಅಳೆಯುವುದನ್ನು ಬಿಟ್ಟು, ಪಾಸಾದವರಲ್ಲಿ ಎಷ್ಟು ಮಂದಿ ಪಿಯುಸಿ, ಐ.ಟಿ.ಐ., ಡಿಪ್ಲೊಮಾ ಸೇರಿದರು, ಯಾವ ವಿಭಾಗಕ್ಕೆ ಸೇರಿದರು, ಎರಡು ವರ್ಷದ ನಂತರ ಎಷ್ಟು ಮಂದಿ ಉಳಿದರು ಎಂಬುದನ್ನು ಶಾಲಾವಾರು ಪ್ರಕಟಿಸಬೇಕು. ಪ್ರತಿ ಮಗುವಿನ ವಿವರವೂ ವಿದ್ಯಾರ್ಥಿ ಟ್ರ್ಯಾಕಿಂಗ್ ವ್ಯವಸ್ಥೆಯಲ್ಲಿ ಈಗಾಗಲೇ ಇರುವುದರಿಂದ ಇದಕ್ಕೆ ಹೊಸ ಸಮೀಕ್ಷೆ ಬೇಕಿಲ್ಲ. ಪಾಸಿಂಗ್ ಪ್ಯಾಕೇಜನ್ನು ಒಮ್ಮೆಗೇ ನಿಲ್ಲಿಸಿ ಎಂದು ನಾನು ಕೇಳಲಾರೆ. ನಾಪಾಸಾದ ಮಗು ಮತ್ತೆ ಶಾಲೆಯ ಕಡೆ ಮುಖ ಮಾಡದಿರುವುದನ್ನೂ ನಾನು ಕಂಡಿದ್ದೇನೆ. ಕನಿಷ್ಠ ಫೆಬ್ರವರಿಯವರೆಗೆ ಮಕ್ಕಳನ್ನು ಕೋಣೆ ಬೇರೆ ಮಾಡಿ ಕೂರಿಸುವುದನ್ನು ನಿಷೇಧಿಸಿ, ಎಂಟನೆಯ ತರಗತಿಯಲ್ಲೇ ಹಿಂದುಳಿದವರನ್ನು ಗುರುತಿಸಿ ಕಲಿಸಲು ಶಿಕ್ಷಕರನ್ನು ಕೊಡಿ.

ಎರಡನೆಯದು, ಪಿಯು ಕಾಲೇಜು, ಸಾರಿಗೆ, ಹಾಸ್ಟೆಲ್ ಈ ಮೂರೂ ಮೂರು ಇಲಾಖೆಗಳಲ್ಲಿವೆ. ಮಗುವಿಗೆ ಮಾತ್ರ ಒಂದೇ ಜೂನ್ ತಿಂಗಳು. ಕಾಲೇಜಿನ ವೇಳಾಪಟ್ಟಿ ಮತ್ತು ಬಸ್ಸಿನ ವೇಳಾಪಟ್ಟಿಯನ್ನು ಜಿಲ್ಲಾಧಿಕಾರಿಗಳ ಎದುರು ಒಂದೇ ಮೇಜಿನ ಮೇಲಿಟ್ಟು ಮೇ ತಿಂಗಳೊಳಗೆ ಹೊಂದಿಸಬೇಕು, ಹಾಗೆ ಬಿಟ್ಟ ಬಸ್ಸನ್ನು ಶೈಕ್ಷಣಿಕ ವರ್ಷ ಮುಗಿಯುವವರೆಗೆ ನಿಲ್ಲಿಸಬಾರದು. ಹಾಸ್ಟೆಲ್ ಆಯ್ಕೆಪಟ್ಟಿ ಕಾಲೇಜು ದಾಖಲಾತಿ ಮುಗಿದ ಮೇಲೆ ಬರುವ ಕ್ರಮ ಬದಲಾಗಬೇಕು. ಹಾಸ್ಟೆಲ್ ಸಿಗುತ್ತದೋ ಇಲ್ಲವೋ ತಿಳಿಯದೆ ಯಾವ ತಾಯಿ ಮಗಳನ್ನು ತಾಲ್ಲೂಕು ಕೇಂದ್ರದ ಕಾಲೇಜಿಗೆ ಸೇರಿಸಿಯಾಳು? ಹೋಬಳಿಗೊಂದಾದರೂ ವಿಜ್ಞಾನ ವಿಭಾಗ ಇರಲಿ, ಅದಕ್ಕೆ ಭೌತಶಾಸ್ತ್ರ, ಗಣಿತದ ಉಪನ್ಯಾಸಕರು ಜೂನ್‌ನಲ್ಲೇ ಬರಲಿ. ಕಾಲೇಜು ಶುರುವಾಗಿ ಮೂರು ತಿಂಗಳ ಮೇಲೆ ಬರುವ ಅತಿಥಿ ಉಪನ್ಯಾಸಕರಿಂದ ನಡೆಯುವ ವಿಜ್ಞಾನ ವಿಭಾಗಕ್ಕೆ ಮಕ್ಕಳನ್ನು ಸೇರಿಸಿ ಎಂದು ನಾನು ಯಾವ ಬಾಯಲ್ಲಿ ಹೇಳಲಿ? ಅವರ ಗೌರವಧನವೂ ತಿಂಗಳು ತಿಂಗಳು ಕೈಸೇರಲಿ. ಬೇಸಿಗೆಯಲ್ಲಿ ಕನ್ನಡ ಮಾಧ್ಯಮದವರಿಗೆ ವಿಜ್ಞಾನ-ಗಣಿತದ ಇಂಗ್ಲಿಷ್ ಪದಗಳ ನಾಲ್ಕು ವಾರದ ಸೇತುಬಂಧ ನಡೆಯಲಿ. ಕಲಿಸಲು ನನ್ನಂಥ ನಿವೃತ್ತರನ್ನು ಕರೆದರೆ ಸಂಭಾವನೆ ಇಲ್ಲದೆಯೂ ಬರುತ್ತೇವೆ.

ತರಗತಿಯಲ್ಲಿ ಜಾತಿ ಹೆಸರು ಕೂಗಬಾರದು ಎಂಬ ಒಂದು ಸಾಲಿನ ಸುತ್ತೋಲೆಗೆ ಖರ್ಚೇನೂ ಇಲ್ಲ. ಅರ್ಜಿಗಳನ್ನು ಪಾಲಕರ ಸಭೆಯಲ್ಲಿ ಕೈಗೆ ಕೊಟ್ಟರಾಯಿತು. ಶಾಲಾ ಸಮಾರಂಭಕ್ಕೆ ಅಧ್ಯಕ್ಷೆ ಬಾರದಿದ್ದರೆ ಆ ಕುರ್ಚಿ ಖಾಲಿ ಇರಲಿ ಎಂದು ಅದೇ ಸುತ್ತೋಲೆಯಲ್ಲಿ ಇನ್ನೊಂದು ಸಾಲು ಸೇರಿಸಿದರೆ ಇನ್ನೂ ಒಳ್ಳೆಯದು.

ಐದೂವರೆ ಬಸ್ಸಿನ ಹಳೆಯ ಮನವಿಯ ಪ್ರತಿಯನ್ನೂ, ಎರಡು ಬದಿ ಬರೆದ ಚೀಟಿಗಳ ನಕಲನ್ನೂ ಮಕ್ಕಳ ಹೆಸರು ಮರೆಮಾಡಿ ತಮ್ಮ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಮುಂಬದಿಯನ್ನು ಓದಲು ಐದು ನಿಮಿಷ ಸಾಕು. ಹಿಂಬದಿಯನ್ನು ಸಾರಿಗೆ ಹಾಗೂ ಸಮಾಜ ಕಲ್ಯಾಣ ಖಾತೆಯ ತಮ್ಮ ಸಹೋದ್ಯೋಗಿಗಳನ್ನೂ ಜೊತೆಗೆ ಕೂರಿಸಿಕೊಂಡು ಓದಬೇಕೆಂದು ಕೋರುತ್ತೇನೆ. ಮುಂದಿನ ದಾಖಲಾತಿ ಆರಂಭವಾಗುವ ಮೊದಲು ನಮ್ಮೂರಿನ ಸಂಜೆಯ ಬಸ್ಸಿನ ಬಗ್ಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಬಂದರೆ, ಅದನ್ನು ಹತ್ತನೆಯ ತರಗತಿಯ ಕರಿಹಲಗೆಯ ಮೇಲೆ ಬರೆಸುವುದಾಗಿ ಈಗಿನ ಮುಖ್ಯ ಗುರುಗಳು ಒಪ್ಪಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕ
ಯಾದಗಿರಿ ಜಿಲ್ಲೆ